ಕ್ಲಿಪ್ಪಿನ ಚೀಲದ ಬಣ್ಣ

ಅಕ್ಕನಿಗೂ ನನಗೂ ಮಾತು ನಿಂತು ಆರು ವರ್ಷವಾಗಿತ್ತು. ಹಾಗಂತ ನಾನು ಅವಳ ಜೊತೆ ಮಾತಾಡುತ್ತಲೇ ಇರಲಿಲ್ಲ ಅಂತಲ್ಲ. ಲಾಂಡ್ರಿಯಲ್ಲಿ ಇಸ್ತ್ರಿ ಮೇಜಿನ ಮುಂದೆ ನಿಂತು, ಯಾರದೋ ಅಂಗಿಯ ಕಾಲರಿನ ಮೇಲೆ ಬಿಸಿ ಪೆಟ್ಟಿಗೆ ಒತ್ತುತ್ತ, ಮನಸ್ಸಿನಲ್ಲೇ ದಿನಾ ಮಾತಾಡುತ್ತಿದ್ದೆ. ಅವಳು ಒಂದಕ್ಕೂ ಉತ್ತರ ಕೊಡಲಾಗದ ಹಾಗೆ ಬಾಯಿ ಮುಚ್ಚಿಸಿಬಿಡುತ್ತಿದ್ದೆ. ಫೋನ್ ಎತ್ತಿ 'ಹೇಗಿದ್ದೀಯೇ ಅಕ್ಕ' ಅನ್ನುವುದೊಂದು ಆಗಲಿಲ್ಲ. ನನಗೆ ಕೋಪ ಮೂಗಿನ ತುದಿಯಲ್ಲಿ, ಅವಳಿಗೆ ಹೊಟ್ಟೆಯೊಳಗೆ. ಮೂಗಿನದು ಒಂದು ಸೀನಿಗೆ ಹೋಗುತ್ತದೆ, ಹೊಟ್ಟೆಯದು ಹಾಗೆ ಹೋಗುವುದಿಲ್ಲ.

ಜಗಳ ಆದದ್ದು ಅಮ್ಮ ಹೋದ ಮೇಲೆ, ಅಮ್ಮನ ಬೀರು ಖಾಲಿ ಮಾಡಿದ ದಿನ. ಕಂಬಳಿ, ಶಾಲು, ಹೊಲಿಗೆ ಪೆಟ್ಟಿಗೆ, ಗುಂಡಿಗಳ ಡಬ್ಬ ಎಲ್ಲವನ್ನೂ ನೆಲದ ಮೇಲೆ ಹರವಿಕೊಂಡು ನಾನು ನಡುವೆ ಕೂತಿದ್ದೆ. ಅಕ್ಕ ನಿಂತಿದ್ದಳು. ಅವಳು ನೆಲದ ಮೇಲೆ ಕೂತದ್ದನ್ನು ನಾನು ಜನ್ಮದಲ್ಲಿ ಕಂಡಿಲ್ಲ, ಬಟ್ಟೆಗೆ ಧೂಳಾಗುತ್ತದಲ್ಲ! ಅವಳು ಬಗ್ಗಿ ಅಮ್ಮನ ಒಂದು ಶಾಲು ಎತ್ತಿಕೊಂಡಳು. ಅಷ್ಟೇ ಅವಳು ಮಾಡಿದ್ದು.

"ಹೊಸದೆಲ್ಲ ಯಾವಾಗ್ಲೂ ನಿನಗೆ, ಹಳೇದೆಲ್ಲ ನನಗೆ," ಅಂದೆ. "ನೀನು ಬಿಟ್ಟಿದ್ದನ್ನೇ ಹಾಕ್ಕೊಂಡು ಬೆಳೆದೋಳು ನಾನು. ಇವತ್ತಾದ್ರೂ ನಾನು ಮೊದಲು ಆರಿಸ್ಕೋತೀನಿ."

ಅಕ್ಕ ಶಾಲನ್ನು ನಾಲ್ಕು ಮಡಿಕೆ ಮಾಡಿ ಮಂಚದ ಮೇಲಿಟ್ಟಳು. "ಎಲ್ಲಾ ನೀನೇ ತಗೋ," ಅಂದು ಚಪ್ಪಲಿ ಮೆಟ್ಟಿ ಹೊರಟೇಹೋದಳು. ಒಂದು ಗುಂಡಿಯನ್ನೂ ಮುಟ್ಟಲಿಲ್ಲ. ಎಂಥ ಜಂಬ ನೋಡಿ ಅಂತ ಅವತ್ತು ಅಂದುಕೊಂಡೆ. ಆ ಶಾಲು ಇವತ್ತಿಗೂ ನಮ್ಮ ಮನೆಯಲ್ಲಿದೆ, ನಾನು ಹೊದ್ದಿಲ್ಲ.

ಹೀಗಿರುವಾಗ ಚಳಿಗಾಲದ ಕೊನೆಯಲ್ಲಿ ಒಂದು ದಿನ ಅಕ್ಕನ ಮಗಳು ಫೋನ್ ಮಾಡಿದಳು. ಅವಳನ್ನು ಚಿಕ್ಕವಳಿದ್ದಾಗ ಪುಟ್ಟಿ ಅನ್ನುತ್ತಿದ್ದೆವು, ದೊಡ್ಡವಳಾದ ಮೇಲೆ ಪಟ್ಟಿ ಅನ್ನುತ್ತೇವೆ. ಹಲ್ಲುಜ್ಜುವುದಕ್ಕೂ ಪಟ್ಟಿ ಮಾಡುವ ಹುಡುಗಿ. ನಾನು ಅವಳಮ್ಮನ ಹತ್ತಿರ ಮಾತು ಬಿಟ್ಟರೂ ಅವಳು ನನ್ನನ್ನು ಬಿಟ್ಟಿರಲಿಲ್ಲ.

"ಚಿಕ್ಕಮ್ಮ, ನೀನು ಚಿಕ್ಕವಳಿದ್ದಾಗ ಒಂದು ಫ್ರಾಕ್ ಇತ್ತಲ್ಲ, ಕತ್ತಿನ ಹತ್ರ ದೊಡ್ಡ ಬೋ ಕಟ್ಟಿರೋದು, ಅದರ ಬಣ್ಣ ಯಾವುದು?"

"ನೀಲಿ," ಅಂದೆ, ಯೋಚನೆಯನ್ನೂ ಮಾಡದೆ. "ತಿಳಿನೀಲಿ. ಯಾಕೆ?"

"ಅಮ್ಮ ಅದನ್ನ ಹಾಕ್ಕೊಂಡಿರೋ ಫೋಟೋ ಸಿಕ್ತು. ಕಪ್ಪು-ಬಿಳುಪು, ಬಣ್ಣ ಗೊತ್ತಾಗ್ತಿಲ್ಲ. ನೀನೂ ಅದನ್ನ ಹಾಕ್ಕೋತಿದ್ದೆ ಅಂತಿದ್ದೆಯಲ್ಲ? ಸರಿ, ಕೇಳು." ಕಾಗದ ಸರಿಸುವ ಸದ್ದಾಯಿತು. "ಮುಂದಿನ ತಿಂಗಳು ನನಗೆ ವರ್ಗ ಆಗಿದೆ. ಅಮ್ಮನೂ ನನ್ನ ಜೊತೆ ಬರ್ತಾಳೆ. ಇಲ್ಲಿಂದ ರೈಲಲ್ಲಿ ಒಂದು ದಿನದ ದಾರಿ. ಹೋಗೋದಕ್ಕೆ ಮುಂಚೆ ಒಂದು ಸಲ ನೀವಿಬ್ಬರೂ ಒಂದೇ ಮೇಜಿಗೆ ಕೂತು ಊಟ ಮಾಡೋದನ್ನ ನಾನು ನೋಡ್ಬೇಕು."

ಒಂದು ದಿನದ ದಾರಿ! ಇಲ್ಲಿಯವರೆಗೆ ಅಕ್ಕ ನಾಲ್ಕು ಬೀದಿ ಆಚೆ ಇದ್ದಳು. ಮಾತಿಲ್ಲದಿದ್ದರೂ ಯಾವತ್ತಾದರೂ ಬಸ್ ನಿಲ್ದಾಣದಲ್ಲಿ ಎದುರಾದಾಳು ಅನ್ನುವ ಆಸೆಯೊಂದು ಇತ್ತು. ಈಗ ಅದೂ ಹೋಯಿತು. ಕೋಪಗೀಪ ಎಲ್ಲ ಇರಲಿ, ನನಗೆ ನನ್ನ ಅಕ್ಕ ಬೇಕಾಗಿದ್ದಳು. ಆದರೆ ಬಾಯಿಂದ ಬಂದದ್ದು, "ಅವಳು ಒಪ್ಪಿದಾಳಾ?"

"ಒಪ್ಪಿದಾಳೆ. ಒಂದೇ ಸಲ, ಇನ್ನೊಂದು ಸಲ ಕರೀಬೇಡ ಅಂದಿದಾಳೆ."

ಪಟ್ಟಿಯ ಯೋಜನೆ ಹೀಗಿತ್ತು. ಊರ ಹೊರಗಿನ ಥೀಮ್ ಪಾರ್ಕಿನಲ್ಲಿ ಚಳಿಗಾಲದ ಕೊನೆಯ ಶನಿವಾರ 'ಬಣ್ಣದ ಸಂಜೆ' ಅಂತ ಪಾರ್ಟಿ ಮಾಡುತ್ತಾರೆ. ಕೆಂಪು, ಹಳದಿ, ಹಸಿರು, ನೀಲಿ ಅಂತ ನಾಲ್ಕು ಗೇಟು, ನಾಲ್ಕು ಅಂಗಳ. ನೀವು ಯಾವ ಬಣ್ಣದ ಬಟ್ಟೆ ಹಾಕಿಕೊಂಡು ಬರುತ್ತೀರೋ ಆ ಗೇಟಿನಲ್ಲಿ ಬಿಡುತ್ತಾರೆ, ಕೈಗೆ ಆ ಬಣ್ಣದ ಕಾಗದದ ಬ್ಯಾಂಡ್ ಸುತ್ತುತ್ತಾರೆ. ಉಯ್ಯಾಲೆ, ಹಾಡು, ಬಿಸಿ ಸೂಪು, ಊಟದ ಮೇಜು ಎಲ್ಲ ಅವರವರ ಅಂಗಳದಲ್ಲೇ. ಬಟ್ಟೆ ಬೇರೆ ಬಣ್ಣದ್ದಾದರೆ ಒಂದೇ ಮನೆಯವರಾದರೂ ಒಂದೇ ಮೇಜಿಗೆ ಕೂರುವ ಹಾಗಿಲ್ಲ. ಹಾಗಾಗಿ ನಾವು ನಾಲ್ಕೂ ಜನ, ಅಂದರೆ ಅಕ್ಕ, ಪಟ್ಟಿ, ನಾನು, ನಮ್ಮ ಯಜಮಾನರು, ಆ ಹಳೇ ಫ್ರಾಕಿನ ಬಣ್ಣ ಹಾಕಿಕೊಂಡು ಹೋಗಬೇಕು, ಮತ್ತೆ ಅದೇ ಥರ ಫೋಟೋ ತೆಗೆಸಬೇಕು.

"ನೀಲಿ ಅಂತ ಬರ್ಕೊಂಡೆ," ಅಂದಳು.

ಸಂಜೆ ಮತ್ತೆ ಫೋನ್. "ಚಿಕ್ಕಮ್ಮ, ಅಮ್ಮ ಹಸಿರು ಅಂತಿದಾಳೆ."

"ಯಾವ ಹಸಿರು?"

"ಫ್ರಾಕು. ಗಿಳಿಹಸಿರಂತೆ."

ನನಗೆ ಮೈಯೆಲ್ಲ ಉರಿಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತಂತೆ. ನಾನು ನೀಲಿ ಅಂದೆ ಅಂತಲೇ ಅವಳು ಹಸಿರು ಅಂದಳು, ಇನ್ನೇನು? "ನಿಮ್ಮಮ್ಮಂಗೆ ಹೇಳು, ಆ ಫ್ರಾಕ್ ಮೈಮೇಲೆ ಹಾಕ್ಕೊಂಡು ಎರಡು ವರ್ಷ ಸ್ಕೂಲಿಗೆ ಹೋದೋಳು ನಾನು. ಅದರ ಮೇಲೆ ಒಂದು ದವತಿ ನೀಲಿ ಶಾಯಿ ಚೆಲ್ಲಿದ್ದೆ. ಬಟ್ಟೇನೂ ನೀಲಿ, ಶಾಯೀನೂ ನೀಲಿ. ಅಷ್ಟೇನೂ ಕಾಣಲಿಲ್ಲ, ಅಮ್ಮ ಬೈಯಲೂ ಇಲ್ಲ. ಹಸಿರಾಗಿದ್ರೆ ಕಾಣ್ತಿರಲಿಲ್ವಾ?"

ಅರ್ಧ ಗಂಟೆ ಕಳೆದು ಉತ್ತರ ಬಂತು. "ಚಿಕ್ಕಮ್ಮ, ಅಮ್ಮ ಹೇಳ್ತಾಳೆ, ಎಲ್ಲರೂ ಆಡುವಾಗ ಅವಳು ಆ ಫ್ರಾಕ್ ಹಾಕ್ಕೊಂಡು ಬೇಲಿ ಪಕ್ಕ ನಿಂತಿದ್ರೆ ಯಾರಿಗೂ ಕಾಣ್ತಾನೇ ಇರಲಿಲ್ವಂತೆ. ಎಲೆ ಯಾವುದು ಫ್ರಾಕ್ ಯಾವುದು ಗೊತ್ತಾಗ್ತಿರಲಿಲ್ವಂತೆ. ನೀಲಿ ಆಗಿದ್ರೆ ಕಾಣ್ತಿರಲಿಲ್ವಾ ಅಂತ ಕೇಳ್ತಿದಾಳೆ."

ನಾನು ಫೋನ್ ಇಟ್ಟೆ. ಹೇಳುವುದಕ್ಕೆ ನನ್ನ ಹತ್ತಿರ ಇನ್ನೂ ಬಹಳ ಇತ್ತು. ಆದರೆ ಬೇಲಿಯ ಮಾತು ಎಲ್ಲೋ ಚುಚ್ಚಿತು. ಅಷ್ಟು ವಿವರವಾಗಿ ಸುಳ್ಳು ಹೇಳುವವಳಲ್ಲ ನಮ್ಮ ಅಕ್ಕ.

"ರೀ, ಹಸಿರಾ ನೀಲಿನಾ?" ಅಂತ ನಮ್ಮ ಯಜಮಾನರನ್ನು ಕೇಳಿದೆ. ಅವರು ಬೀಗ ರಿಪೇರಿ ಮಾಡುವವರು. ಅಡುಗೆಮನೆಯ ಮೇಜಿನ ಮೇಲೆ ಯಾರದೋ ಬೀಗದ ಕರುಳು ಬಿಚ್ಚಿ ಹಾಕಿಕೊಂಡಿದ್ದರು.

"ಆ ಫ್ರಾಕ್ ನಾನೆಲ್ಲಿ ನೋಡಿದೀನಿ? ನಿಮ್ಮಿಬ್ಬರ ಜಗಳ ನೋಡಿದೀನಿ. ಅದರ ಬಣ್ಣ ಕೆಂಪು," ಅಂದರು, ತಲೆ ಎತ್ತದೆ.

"ತಮಾಷೆ ಬೇಡ."

"ಅವಳು ಹಸಿರು ಅಂದ್ರೆ ಹಸಿರೇ ಹಾಕ್ಕೊಂಡು ಹೋಗು. ನಿನಗೆ ಅಕ್ಕ ಬೇಕೋ, ಬಣ್ಣ ಬೇಕೋ?"

ನೋಡಿ, ಹೊರಗಿನವರಿಗೆ ಎಷ್ಟು ಸುಲಭ! ನಾನು ಹಸಿರು ಹಾಕಿದರೆ, ಇಷ್ಟು ದಿನ ಹೇಳಿದ್ದೆಲ್ಲ ಸುಳ್ಳು ಅಂತ ಒಪ್ಪಿಕೊಂಡ ಹಾಗಲ್ಲವೇ? ಅವಳ ಹಳೇ ಫ್ರಾಕ್ ಹಾಕಿಕೊಂಡೆ, ಈಗ ಅವಳ ಹಳೇ ನೆನಪನ್ನೂ ಹಾಕಿಕೊಳ್ಳಬೇಕೇ? ನಾನು ಹಿಡಿದ ಮೊಲಕ್ಕೆ ಮೂರೇ ಕಾಲು, ಅದನ್ನು ಬೇಕಾದರೆ ಒಪ್ಪಿಕೊಳ್ಳುತ್ತೇನೆ. ಆದರೆ ಮೂರು ಕಾಲಿನ ಬಣ್ಣವೂ ನೀಲಿಯೇ.

ಮಾರನೇ ದಿನ ಲಾಂಡ್ರಿಯಲ್ಲಿ ಮನಸ್ಸು ಕೆಲಸದ ಮೇಲಿರಲಿಲ್ಲ. ಒಂದು ಕೋಟಿಗೆ ಇನ್ನೊಂದರ ನಂಬರು ಚೀಟಿ ಪಿನ್ ಮಾಡಿದ್ದೆ. ಅಷ್ಟರಲ್ಲಿ ಮೇಷ್ಟ್ರೊಬ್ಬರು ಕಿಟಕಿ ಪರದೆಯ ಗಂಟು ತಂದು ಕೌಂಟರಿನ ಮೇಲೆ ಕುಕ್ಕಿದರು. ದಾಳಿಂಬೆ ಕೆಂಪು ಕೊಟ್ಟಿದ್ದೆ, ಇಟ್ಟಿಗೆ ಬಣ್ಣ ಮಾಡಿ ಕೊಟ್ಟಿದ್ದೀರಿ, ನಿಮ್ಮ ಸೋಪು ಸರಿಯಿಲ್ಲ ಅಂತ ಕೂಗಾಟ.

ಇಂಥವರಿಗೆ ನನ್ನ ಹತ್ತಿರ ಒಂದೇ ಮದ್ದು. ಪರದೆಯ ಅಂಚು ತಿರುವಿ, ಮಡಚಿ ಹೊಲಿದ ಜಾಗದ ನಾಲ್ಕು ಹೊಲಿಗೆ ಬಿಚ್ಚಿ, ಒಳಗಿನ ಬಟ್ಟೆ ತೋರಿಸಿದೆ. ದಾಳಿಂಬೆ ಕೆಂಪು ಅಲ್ಲಿ ಬೆಚ್ಚಗೆ ಕೂತಿತ್ತು.

"ನೋಡಿ ಮೇಷ್ಟ್ರೇ, ಸೋಪು ಕೆಟ್ಟದ್ದಾಗಿದ್ರೆ ಇದೂ ಹೋಗ್ಬೇಕಿತ್ತು. ಇದು ಬಿಸಿಲು ತಿಂದಿರೋದು. ದಿನಾ ಸ್ವಲ್ಪ ಸ್ವಲ್ಪ ಹೋಗುತ್ತೆ, ಅದಕ್ಕೇ ಮನೇಲಿರೋರಿಗೆ ಗೊತ್ತಾಗಲ್ಲ. ಬಟ್ಟೆ ಮೇಲ್ಗಡೆ ಏನು ಬೇಕಾದ್ರೂ ಹೇಳುತ್ತೆ. ನಿಜ ಕೇಳ್ಬೇಕು ಅಂದ್ರೆ ಒಳಹೊಲಿಗೆ ಕೇಳ್ಬೇಕು."

ಮೇಷ್ಟ್ರು ಪೆಚ್ಚಾಗಿ ಗಂಟು ಕಟ್ಟಿಕೊಂಡು ಹೋದರು. ನಾನು ಸೊಂಟದ ಚೀಲದಿಂದ ನಾಲ್ಕು ಕ್ಲಿಪ್ಪು ತೆಗೆದು ಒದ್ದೆ ಅಂಗಿಗಳನ್ನು ತಂತಿಗೆ ಹಾಕಿದೆ. ಆಗಲೇ ಹೊಳೆದದ್ದು. ಅಯ್ಯೋ, ಚೀಲ!

ಈ ಚೀಲದ ವಿಷಯ ಹೇಳಬೇಕು. ನಾನು ಲಾಂಡ್ರಿ ಕೆಲಸಕ್ಕೆ ಸೇರಿದಾಗ ಅಮ್ಮ ಅದೇ ಫ್ರಾಕಿನ ಕೆಳಭಾಗ ಕತ್ತರಿಸಿ, ಮಡಚಿ ಹೊಲಿದ ಅಂಚನ್ನು ಬಿಚ್ಚದೆ ಹಾಗೇ ಬಿಟ್ಟು, ಕ್ಲಿಪ್ಪು ಇಟ್ಟುಕೊಳ್ಳಲು ಒಂದು ಚೀಲ ಹೊಲಿದು ಕೊಟ್ಟಿದ್ದಳು, ಸೊಂಟಕ್ಕೆ ಕಟ್ಟಿಕೊಳ್ಳುವಂಥದ್ದು. ಮೂವತ್ತು ವರ್ಷದಿಂದ ನನ್ನ ಸೊಂಟದಲ್ಲೇ ಇದೆ. ಸವೆದು ಸವೆದು ಬಟ್ಟೆ ಜೇಡರ ಬಲೆಯಷ್ಟು ತೆಳ್ಳಗಾಗಿದೆ, ಆದರೂ ಕಣ್ಣಿದ್ದವರು ನೋಡಿದರೆ ನೀಲಿ ಅನ್ನಲೇಬೇಕು. ಸಾಕ್ಷಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಊರೆಲ್ಲ ಹುಡುಕುತ್ತಿದ್ದೆನಲ್ಲ ಅಂತ ನನಗೇ ನಗು ಬಂತು. ಪಟ್ಟಿಗೆ ಫೋನ್ ಮಾಡಿ, "ನಿಮ್ಮಮ್ಮಂಗೆ ಹೇಳು, ನನ್ನ ಹತ್ರ ಸಾಕ್ಷಿ ಇದೆ. ಅವತ್ತು ತರ್ತೀನಿ. ಅಲ್ಲೀವರೆಗೂ ನಾನು ನೀಲಿ," ಅಂದೆ.

"ಚಿಕ್ಕಮ್ಮ, ಸಾಕ್ಷಿ ತರೋಕೆ ಅದೇನು ಕೋರ್ಟಾ? ಪಾರ್ಟಿ!"

ಪಾಪ, ಆ ಹುಡುಗಿ ಆ ಎರಡು ವಾರದಲ್ಲಿ ಎಷ್ಟು ಪಟ್ಟಿ ಮಾಡಿತೋ. ಒಂದು ದಿನ ಎಲ್ಲರೂ ನೀಲಿ. ಮರುದಿನ ಎಲ್ಲರೂ ಹಸಿರು. ಆಮೇಲೆ ಯಾರಿಗೂ ಬೇಡ, ಹಳದಿ ಅಂತ ಬಂತು. ಅದಕ್ಕೆ ಅಕ್ಕ, ಫ್ರಾಕಿನ ಬಣ್ಣ ಅಂದಮೇಲೆ ಫ್ರಾಕಿನ ಬಣ್ಣ, ಇಲ್ಲದಿದ್ದರೆ ನಾನು ಬರಲ್ಲ ಅಂದಳಂತೆ. ಈ ಒಂದು ವಿಷಯದಲ್ಲಿ ನಮ್ಮಿಬ್ಬರದೂ ಒಂದೇ ಮಾತು. ನವಿಲಿನ ಕತ್ತಿನ ಬಣ್ಣ ಹಾಕಿದರೆ ನೀಲಿಯೂ ಹೌದು ಹಸಿರೂ ಹೌದು ಅಂತ ಪಟ್ಟಿ ಪಾರ್ಕಿಗೇ ಫೋನ್ ಮಾಡಿ ಕೇಳಿದಳಂತೆ. ಅಲ್ಲಿಯವರು ಹಾಗೊಂದು ಗೇಟಿಲ್ಲ ಅಂದರಂತೆ. ನಮ್ಮ ಯಜಮಾನರು ದಿನಾ ಬೆಳಿಗ್ಗೆ ಚಹಾ ಕುಡಿಯುತ್ತ, "ಇವತ್ತು ನಾನು ಯಾವ ಬಣ್ಣ?" ಅಂತ ಕೇಳುವುದು ರೂಢಿಯಾಯಿತು.

ನನಗೂ ಒಳಗೊಳಗೇ ತಲೆ ಕೆಟ್ಟುಹೋಗಿತ್ತು. ಕಣ್ಣು ಮುಚ್ಚಿದರೆ ಫ್ರಾಕ್ ಬರುತ್ತಿತ್ತು. ಒಮ್ಮೆ ನೀಲಿ, ಒಮ್ಮೆ ಹಸಿರು, ಒಮ್ಮೆ ಬಣ್ಣವೇ ಇಲ್ಲ. ಅಷ್ಟು ಖಂಡಿತವಾಗಿ ಗೊತ್ತಿದ್ದದ್ದು ಹೀಗೆ ಕೈಜಾರುತ್ತದೆ ಅಂದರೆ, ಅಕ್ಕನ ಬಗ್ಗೆ ನನಗೆ ಗೊತ್ತಿರುವ ಇನ್ನೆಷ್ಟು ವಿಷಯ ಸರಿ ಇದೆಯೋ ಅಂತ ಭಯವಾಗುತ್ತಿತ್ತು.

ಶನಿವಾರ ಬಂತು. ಆರು ಗಂಟೆಗೆ ಲಾಂಡ್ರಿ ಬಾಗಿಲೆಳೆದು, ನೀಲಿ ಉದ್ದಂಗಿ, ನೀಲಿ ಸ್ವೆಟರು ಹಾಕಿಕೊಂಡು, ಕ್ಲಿಪ್ಪುಗಳನ್ನು ಸುರಿದು ಖಾಲಿ ಚೀಲವನ್ನು ಕೈಚೀಲದಲ್ಲಿಟ್ಟುಕೊಂಡು ಹೊರಟೆ. ಬೆಳಿಗ್ಗೆ ಮಳೆ ಹನಿದು ದಾರಿಯೆಲ್ಲ ಒದ್ದೆ. ನೀಲಿ ಗೇಟಿನಲ್ಲಿ ಬ್ಯಾಂಡ್ ಸುತ್ತುವ ಹುಡುಗಿ ನಮ್ಮ ಯಜಮಾನರ ಅಂಗಿ ನೋಡಿ, "ಸರ್, ಇದು ಬೂದಿ ಬಣ್ಣ," ಅಂದಳು.

"ನನ್ನ ಹೆಂಡತಿ ನೀಲಿ ಅಂದಿದಾಳಮ್ಮ. ನಿನಗೆ ಧೈರ್ಯ ಇದ್ರೆ ಅವಳಿಗೆ ಹೇಳು," ಅಂದರು ಇವರು. ಅವಳು ನನ್ನ ಮುಖ ನೋಡಿ ಸುಮ್ಮನೆ ಬ್ಯಾಂಡ್ ಸುತ್ತಿದಳು.

ಒಳಗೆ ಹೋದರೆ ಎಲ್ಲ ನೀಲಿ. ಮರಗಳಿಗೆ ನೀಲಿ ದೀಪ, ಮೇಜಿಗೆ ನೀಲಿ ಹಾಸು, ಹಾಡುವವನಿಗೆ ನೀಲಿ ಟೋಪಿ. ಸೂಪು ಕೂಡ ಆ ಬೆಳಕಿನಲ್ಲಿ ಶಾಯಿಯ ಹಾಗೆ ಕಾಣುತ್ತಿತ್ತು. ನಾಲ್ಕು ಕುರ್ಚಿಯ ಮೇಜು ಹಿಡಿದು ಕೂತೆವು. ಎರಡು ಕುರ್ಚಿ ಖಾಲಿ.

ಪೂರ್ತಿ ಕತ್ತಲಾದ ಮೇಲೆ ಪಟ್ಟಿ ಓಡಿಬಂದಳು. ಹಸಿರು ಅಂಗಿ, ಅದರ ಮೇಲೆ ನೀಲಿ ಸ್ವೆಟರು, ಒಂದು ಕೈಗೆ ಹಸಿರು ಬ್ಯಾಂಡ್, ಇನ್ನೊಂದಕ್ಕೆ ನೀಲಿ. ಎರಡು ಗೇಟಿನವರನ್ನೂ ಕಾಡಿಬೇಡಿ ಎರಡೂ ಹಾಕಿಸಿಕೊಂಡಿದ್ದಳಂತೆ. ಕೈಯಲ್ಲಿದ್ದ ಕಾಗದ ಮುದ್ದೆಯಾಗಿತ್ತು.

"ಅಮ್ಮ ಹಸಿರಲ್ಲೇ ಬಂದಿದಾಳೆ," ಅಂದಳು. "ಆ ಕಡೆ ಒಬ್ಬಳೇ ಕೂತಿದಾಳೆ, ನಾಲ್ಕು ಕುರ್ಚಿ ಹಿಡ್ಕೊಂಡು. ಏನ್ ಜನ ನೀವು? ನಾನು ಯಾವ ಕಡೆ ಕೂರ್ಲಿ ಹೇಳಿ?"

ನನಗೆ ನಾಚಿಕೆಯಾಯಿತು. ನಾಲ್ಕು ಕುರ್ಚಿ ಹಿಡಿದುಕೊಂಡು ಒಬ್ಬಳೇ! ಎದ್ದು ಪಟ್ಟಿಯ ಹಿಂದೆ ಹೋದೆ. ಎರಡು ಅಂಗಳದ ನಡುವೆ ಸೊಂಟದೆತ್ತರದ ಬೇಲಿ. ಆ ಕಡೆ ಎಲ್ಲ ಹಸಿರು. ಬೇಲಿಯ ಪಕ್ಕದಲ್ಲೇ ಅಕ್ಕ ನಿಂತಿದ್ದಳು, ಬಟ್ಟೆಯ ಅಂಚನ್ನು ಒದ್ದೆ ಹುಲ್ಲಿಗೆ ತಾಗದ ಹಾಗೆ ಎರಡು ಬೆರಳಲ್ಲಿ ಎತ್ತಿ ಹಿಡಿದುಕೊಂಡು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಆರು ವರ್ಷದಲ್ಲಿ ನಾನು ಎಷ್ಟು ಮಾತು ಕೂಡಿಟ್ಟಿದ್ದೆ, ಏನೇನು ಹೇಳಬೇಕು ಅಂದುಕೊಂಡಿದ್ದೆ!

"ನೀಲಿ ಕಣೆ ಅದು," ಅಂದೆ.

"ಹಸಿರು," ಅಂದಳು ಅಕ್ಕ.

ಇದು ನಮ್ಮ ಆರು ವರ್ಷದ ಮೇಲಿನ ಮೊದಲ ಮಾತು. ಪಟ್ಟಿ ಹಣೆ ಚಚ್ಚಿಕೊಂಡಳು.

ನಾನು ಚೀಲ ತೆಗೆದು ಬೇಲಿಯ ಮೇಲೆ ಹಿಡಿದೆ. "ನೋಡು. ಅಮ್ಮನೇ ಹೊಲಿದಿದ್ದು, ಅದೇ ಬಟ್ಟೆ. ಈಗೇನಂತೀಯ?"

ಅಕ್ಕ ಚೀಲ ತೆಗೆದುಕೊಂಡು ತನ್ನ ಕಡೆಯ ದೀಪಕ್ಕೆ ಹಿಡಿದಳು. ಹಚ್ಚ ಹಸಿರು! "ನೀನೇ ನೋಡು," ಅಂದಳು. ನಾನು ಕಿತ್ತುಕೊಂಡು ನನ್ನ ಕಡೆ ಹಿಡಿದೆ. ನೀಲಿ. ಮತ್ತೆ ಅವಳ ಕಡೆ ಹೋಯಿತು, ಹಸಿರು. ನನ್ನ ಕಡೆ ಬಂತು, ನೀಲಿ. ಹಿಂದೆ ನಿಂತಿದ್ದ ನಮ್ಮ ಯಜಮಾನರು, "ಮಧ್ಯದಲ್ಲಿ ಹಿಡಿದ್ರೆ ಏನಾಗುತ್ತೆ?" ಅಂದರು. ಮಧ್ಯದಲ್ಲಿ ಹಿಡಿದರೆ ಯಾವ ದೀಪವೂ ತಾಗದೆ ಬರೀ ಕಪ್ಪು.

ಥೂ ನನ್ನ ಬುದ್ಧಿಗಿಷ್ಟು! ಮೂವತ್ತು ವರ್ಷ ಬಟ್ಟೆಯಲ್ಲೇ ಬದುಕಿದವಳು ಬಣ್ಣದ ದೀಪದಲ್ಲಿ ಬಣ್ಣ ನೋಡುತ್ತಿದ್ದೇನೆ. "ಇಲ್ಲಿ ಆಗಲ್ಲ. ಬಿಳಿ ಬೆಳಕು ಬೇಕು," ಅಂದೆ.

ಬಿಳಿ ಬೆಳಕು ಇದ್ದದ್ದು ಒಂದೇ ಕಡೆ. ಗೇಟುಗಳ ಆಚೆ, ವಾಹನ ನಿಲ್ಲಿಸುವ ಜಾಗದ ಹತ್ತಿರ, ಕೈತೊಳೆಯುವ ನಲ್ಲಿಗಳ ಮೇಲೆ ಒಂದು ಟ್ಯೂಬ್‌ಲೈಟು. ಹೊರಟರೆ ನೀಲಿ ಗೇಟಿನ ಕಾವಲುಗಾರ ತಡೆದ. "ಅಮ್ಮಾ, ಹೊರಗೆ ಹೋದ್ರೆ ಬ್ಯಾಂಡ್ ಹರಿದುಬಿಡ್ತೀವಿ. ಮತ್ತೆ ಒಳಗೆ ಬಿಡಲ್ಲ."

"ಊಟ ಎಂಟು ಗಂಟೆಗೆ!" ಅಂತ ಪಟ್ಟಿ ಹಿಂದಿನಿಂದ ಕೂಗಿದಳು. "ಫೋಟೋ ಎಂಟೂವರೆಗೆ! ಚಿಕ್ಕಮ್ಮ, ಹೋಗ್ಬೇಡ!"

ಹಸಿರು ಗೇಟಿನ ಕಡೆ ನೋಡಿದೆ. ಅಕ್ಕ ಆಗಲೇ ಕೈ ಮುಂದೆ ಚಾಚಿ ನಿಂತಿದ್ದಳು, ಅಲ್ಲಿಯವನು ಅವಳ ಬ್ಯಾಂಡ್ ಹರಿಯುತ್ತಿದ್ದ. ನಾನೂ ಕೈ ಚಾಚಿದೆ.

ನಲ್ಲಿಯ ಹತ್ತಿರ ಯಾರೂ ಇರಲಿಲ್ಲ. ಒಂದು ಉದ್ದ ಕಲ್ಲಿನ ಕಟ್ಟೆ, ಅದರ ಮೇಲೆಲ್ಲ ಮಳೆನೀರು, ಕೆಸರಿನ ಹೆಜ್ಜೆ. ಟ್ಯೂಬ್‌ಲೈಟಿನ ಕೆಳಗೆ ಚೀಲ ಹಿಡಿದೆ. ತಿಳಿನೀಲಿ. ಸಂಶಯವೇ ಇಲ್ಲ. "ಈಗ?" ಅಂದೆ, ಗೆದ್ದವಳ ಹಾಗೆ.

ಅಕ್ಕ ಕಣ್ಣು ಕಿರಿದು ಮಾಡಿ ನೋಡಿದಳು. ಅವಳ ಮುಖ ಒಂಥರಾ ಆಯಿತು. "ಹೌದಲ್ಲೇ. ನೀಲಿ," ಅಂದಳು ಮೆಲ್ಲಗೆ. "ನಾನು ಹಾಗಾದ್ರೆ ಯಾವುದನ್ನ ಹಾಕ್ಕೊಂಡಿದ್ದೆ? ನನಗೇನು ತಲೆ ಕೆಟ್ಟಿದೆಯಾ?"

ಗೆದ್ದೆನಲ್ಲ, ಖುಷಿಯಾಗಬೇಕಿತ್ತು. ಆಗಲಿಲ್ಲ. ಅವಳು ಹೆದರಿದ್ದಳು. ಏನು ಮಾಡುವುದೆಂದು ತೋಚದೆ ಚೀಲವನ್ನು ಬೆರಳಲ್ಲಿ ಹೊಸಕುತ್ತ ನಿಂತೆ. ಕೈ ಅದರ ಪಾಡಿಗೆ ಅದು ದಿನಾ ಮಾಡುವ ಕೆಲಸ ಮಾಡಿತು. ಹೆಬ್ಬೆರಳು ಚೀಲವನ್ನು ಒಳಮಗ್ಗುಲಿಗೆ ತಿರುವಿತು, ಮಡಚಿ ಹೊಲಿದ ಅಂಚು ಹುಡುಕಿತು. ಅದು ಫ್ರಾಕಾಗಿದ್ದಾಗಿನ ಮಡಿಕೆ, ಅಮ್ಮ ಯಾವಾಗಲೂ ಒಳಗೆ ಎರಡು ಬೆರಳು ಬಟ್ಟೆ ಬಿಟ್ಟು ಮಡಚಿ ಹೊಲಿಯುತ್ತಿದ್ದಳು. ತಲೆಯಿಂದ ಪಿನ್ ಎಳೆದು ನಾಲ್ಕು ಹೊಲಿಗೆ ಬಿಚ್ಚಿದೆ.

ಹಸಿರು. ಗಿಳಿಹಸಿರು. ನಿನ್ನೆ ತಾನೇ ಅಂಗಡಿಯಿಂದ ತಂದ ಹಾಗೆ.

ಊರಿಗೆಲ್ಲ ಒಳಹೊಲಿಗೆ ನೋಡಿ ಅಂತ ಪಾಠ ಹೇಳುವವಳು ನಾನು. ಮೂವತ್ತು ವರ್ಷ ಸೊಂಟದಲ್ಲಿ ಕಟ್ಟಿಕೊಂಡು ಓಡಾಡಿದ್ದರ ಒಳಹೊಲಿಗೆ ನಾನು ಒಂದು ದಿನ ನೋಡಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅಂದರೆ ಇದೇ. "ಅಕ್ಕ, ಹಸಿರು ಬಿಸಿಲಿಗೆ ಬಿದ್ರೆ ಅದರಲ್ಲಿರೋ ಹಳದಿ ಮೊದಲು ಓಡಿಹೋಗುತ್ತೆ," ಅಂದೆ. "ನೀಲಿ ಮಾತ್ರ ಉಳಿಯುತ್ತೆ. ನೀನು ಹಾಕ್ಕೊಂಡಾಗ ಹಸಿರೇ ಇತ್ತು. ನನ್ನ ಕೈಗೆ ಬರೋ ಹೊತ್ತಿಗೆ ನೀಲಿಯಾಗಿತ್ತು. ನಾನು ನೋಡಿದ್ದೇ ನೀಲಿ."

ಅಂದೆ, ಅಂದಕೂಡಲೇ ಹಳೇ ಸಂಕಟ ಉಕ್ಕಿ ಬಂತು. "ನೋಡಿದ್ಯಾ, ಬಣ್ಣಾನೂ ನಿನಗೇ ಸಿಕ್ಕಿದ್ದು. ನನಗೆ ಬಿಸಿಲು ತಿಂದು ಬಿಟ್ಟಿದ್ದು."

ಅಕ್ಕ ಆ ಹಸಿರು ಗೆರೆಯ ಮೇಲೆ ಬೆರಳಾಡಿಸಿದಳು.

"ನಾನು ಬೇಲಿ ಪಕ್ಕ ಯಾಕೆ ನಿಂತಿರ್ತಿದ್ದೆ ಅಂತ ನೀನು ಕೇಳಲೇ ಇಲ್ಲ," ಅಂದಳು. "ಎಲ್ಲರೂ ಮಣ್ಣಲ್ಲಿ ಹೊರಳಾಡ್ತಿದ್ರು. ನಾನು ಹೋಗೋ ಹಾಗಿರಲಿಲ್ಲ. ಈ ಫ್ರಾಕ್ ಮೊದಲನೇ ದಿನ ತೊಡಿಸುವಾಗಲೇ ಅಮ್ಮ ಹೇಳಿದ್ಲು. ಕೊಳೆ ಮಾಡ್ಬೇಡ, ಹರೀಬೇಡ, ತಂಗಿ ಹಾಕ್ಕೋಬೇಕು. ಪ್ರತಿ ಫ್ರಾಕಿಗೂ ಅದೇ ಮಾತು. ಕೂರ್ಬೇಡ, ತಂಗಿ ಹಾಕ್ಕೋಬೇಕು. ಮರ ಹತ್ಬೇಡ, ತಂಗಿ ಹಾಕ್ಕೋಬೇಕು. ಹೊಸದು ಹೊಸದು ಅಂತೀಯಲ್ಲ, ಒಂದು ದಿನಾನೂ ಅದು ನನ್ನದಾಗಿರಲಿಲ್ಲ ಕಣೆ. ನಾನು ಹಾಕ್ಕೊಂಡಿರಲಿಲ್ಲ, ನಿನಗೋಸ್ಕರ ಇಟ್ಕೊಂಡಿದ್ದೆ."

ನಾನು ಚೀಲದ ಬಿಚ್ಚಿದ ಅಂಚನ್ನು ಮತ್ತೆ ಮಡಚಿದೆ.

"ನೀನು ಶಾಯಿ ಚೆಲ್ಲಿಕೊಂಡು ಬಂದ ದಿನ ನಾನೂ ಮನೇಲಿದ್ದೆ," ಅಂದಳು. "ಇವತ್ತು ಇವಳ ಕಥೆ ಮುಗೀತು ಅಂದ್ಕೊಂಡೆ. ಅಮ್ಮ ನಕ್ಕುಬಿಟ್ಲು. ಬಟ್ಟೆ ನೀಲಿ ಅಂತ ಅಲ್ಲ ಕಣೆ. ನೀನಾದ್ಮೇಲೆ ಹಾಕ್ಕೊಳ್ಳೋರು ಯಾರೂ ಇರಲಿಲ್ಲ, ಅದಕ್ಕೆ. ಅದು ನಿನ್ನದಾಗಿತ್ತು. ಏನು ಬೇಕಾದ್ರೂ ಮಾಡ್ಬಹುದಿತ್ತು ನೀನು."

ಅಷ್ಟೂ ವರ್ಷ ಅವಳ ಬಟ್ಟೆಗೆ ಒಂದು ಕಲೆ ಇಲ್ಲದ್ದನ್ನು ನೋಡಿ ನೋಡಿ ಹೊಟ್ಟೆ ಉರಿಸಿಕೊಂಡವಳು ನಾನು. ನಾಲ್ಕು ಬೀದಿ ಆಚೆ ಇದ್ದರೂ, ಮಾತಿದ್ದ ಕಾಲದಲ್ಲೂ ಅವಳ ಮನೆಯಿಂದ ನನ್ನ ಲಾಂಡ್ರಿಗೆ ಒಂದು ಕರವಸ್ತ್ರ ಬಂದಿರಲಿಲ್ಲ. ಜಂಬ ಅಂತಿದ್ದೆ. ಈಗ ನೋಡಿದರೆ ಅರವತ್ತು ದಾಟಿದ ಹೆಂಗಸು, ಹೊಸ ಹಸಿರು ಬಟ್ಟೆಯ ಅಂಚನ್ನು ಇನ್ನೂ ಎರಡು ಬೆರಳಲ್ಲಿ ಎತ್ತಿ ಹಿಡಿದೇ ನಿಂತಿದ್ದಾಳೆ. ಆ ಕೆಸರುಕಟ್ಟೆಯ ಮೇಲೆ ಕೂರುತ್ತಿಲ್ಲ. ಆ ಬಟ್ಟೆಯನ್ನು ಅವಳಾದ ಮೇಲೆ ಯಾರು ಹಾಕಿಕೊಳ್ಳಬೇಕಿತ್ತು?

ನನಗೆ ಅಳು ತಡೆಯಲಾಗಲಿಲ್ಲ. ಒದ್ದೆ ಕಟ್ಟೆಯ ಮೇಲೆ ಧೊಪ್ಪನೆ ಕೂತೆ. ತಣ್ಣೀರು ಸ್ವೆಟರು ದಾಟಿ ಮೈಗೆ ಹತ್ತಿತು. ಪಕ್ಕದ ಕೆಸರನ್ನು ಅಂಗೈಯಲ್ಲಿ ತಟ್ಟಿದೆ.

"ಕೂತ್ಕೊಳ್ಳೇ," ಅಂದೆ.

"ಅಯ್ಯೋ, ಬಟ್ಟೆ ಕೊಳೆ..."

"ಆಗ್ಲಿ ಬಿಡೇ. ಒಗೆಯೋಕೆ ನಾನಿಲ್ವಾ?"

ಅಕ್ಕ ನನ್ನನ್ನು ನೋಡಿದಳು, ಕಟ್ಟೆಯನ್ನು ನೋಡಿದಳು. ಆಮೇಲೆ ಬೆರಳು ಸಡಿಲಿಸಿ ಬಟ್ಟೆಯ ಅಂಚನ್ನು ಬಿಟ್ಟಳು, ನನ್ನ ಪಕ್ಕದಲ್ಲಿ ಕೆಸರಿನ ಮೇಲೆ ಕೂತಳು.